ಎರಡನೇ ಫಾರಂ

ಮಾರ್ಚ್ 3, ಸೋಮವಾರ

ಹೊಸ ಗೊಬ್ಬರದ ಗುಂಡಿ ಇಂದು ಶುರು. ಅಗಲ ಎರಡೂವರೆ ಅಡಿ, ಆಳ ನನ್ನ ಮೊಣಕಾಲಿಗೆ ಬರುವಷ್ಟು. ತಳಕ್ಕೆ ಕಡ್ಡಿ, ಅದರ ಮೇಲೆ ಒಣ ಎಲೆ, ಆಮೇಲೆ ಅಡುಗೆಮನೆಯ ಸಿಪ್ಪೆ, ಕೊನೆಗೆ ಎರಡು ಬೊಗಸೆ ಮಣ್ಣು. ಹೀಗೇ ಪದರ ಪದರವಾಗಿ ತುಂಬಿಸುತ್ತ, ವಾರಕ್ಕೊಮ್ಮೆ ತಿರುವುತ್ತ ಹೋದರೆ ತೊಂಬತ್ತು ದಿನಕ್ಕೆ ಗೊಬ್ಬರ. ಅಂದರೆ ಜೂನ್ ಒಂದು.

"ನೋಡಿದ್ದನ್ನು ನೋಡಿದ ದಿನವೇ ಬರೆಯಿರಿ. ನೆನಪನ್ನು ನಂಬಬೇಡಿ." ಐದನೇ ತರಗತಿಯ ವಿಜ್ಞಾನದ ಪುಸ್ತಕ, ಪುಟ ಮೂವತ್ತೆಂಟು. ಅದಕ್ಕೇ ಈ ನೋಟ್‌ಬುಕ್ಕು. ಉಳಿದ ಕಾಗದದಲ್ಲಿ ನಾನೇ ಹೊಲಿದದ್ದು. ಇದರಲ್ಲಿ ಗುಂಡಿಯ ವಿಷಯ ಬಿಟ್ಟು ಬೇರೇನೂ ಬರೆಯಬಾರದು ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದೇನೆ.

ಇವತ್ತೊಂದು ದಿನ ಬೇರೆ ವಿಷಯ. ನಾದಿನಿ ಬಂದಿದ್ದಾಳೆ.

ಅವಳ ಮನೆಯ ಸೂರು ಇಳಿಸಿ ಹೊಸದು ಹಾಕುತ್ತಿದ್ದಾರಂತೆ. ನನ್ನ ಮಗಳು ದೂರದಲ್ಲಿ ಕೂತು ಫೋನಿನಲ್ಲೇ ಎಲ್ಲ ತೀರ್ಮಾನ ಮಾಡಿದಳು. "ಒಂದೇ ತಿಂಗಳಮ್ಮ. ಅತ್ತೆ ನಿನಗೇನು ಭಾರಾನಾ?" ಭಾರದ ಮಾತಲ್ಲ. ಮೂವತ್ತನಾಲ್ಕು ವರ್ಷದಿಂದ ಅವಳು ನನ್ನ ಮನೆಯಲ್ಲಿ ಒಂದು ರಾತ್ರಿ ತಂಗಿಲ್ಲ. ನನ್ನ ಯಜಮಾನರು, ಅಂದರೆ ಅವಳ ಒಡಹುಟ್ಟಿದ ಅಣ್ಣ, ಹೋದಾಗಲೂ ಬಂದಳು, ಕೂತಳು, ಸಂಜೆಗೆ ಎದ್ದು ಹೋದಳು. ಅಂಥವಳು ಒಂದು ಕಬ್ಬಿಣದ ಟ್ರಂಕು, ಒಂದು ಛತ್ರಿ ಹಿಡಿದು ಬಾಗಿಲಲ್ಲಿ ನಿಂತು, "ಅತ್ತಿಗೆ, ಚಪ್ಪಲಿ ಎಲ್ಲಿ ಬಿಡ್ಲಿ?" ಅಂದಳು.

"ಕಾಲಿನಿಂದ ಸ್ವಲ್ಪ ದೂರ" ಅಂದೆ.

ಹೊಲಿಗೆಯ ಚೌಕಟ್ಟು, ಕಾಗದದ ಕಟ್ಟು ಇರುವ ಕೋಣೆಯಲ್ಲಿ ಮಂಚ ಹಾಕಿಕೊಟ್ಟಿದ್ದೇನೆ. ಮೂವತ್ತು ದಿನ. ಗುಂಡಿಗಾದರೂ ತೊಂಬತ್ತು.

ಮಾರ್ಚ್ 5, ಬುಧವಾರ

ಕೆಂಪು ಚೀಟಿ ಬಂತು. ನನಗೆ. ಈ ಬೀದಿಯಲ್ಲಿ ಏಳು ಗುಂಡಿ ಗೊಬ್ಬರ ಮಾಡಿ, ಮನೆಮನೆಯ ಕುಂಡಕ್ಕೆ ಡಬ್ಬಿಯಲ್ಲಿ ತುಂಬಿಕೊಟ್ಟವಳಿಗೆ.

ಈ ತಿಂಗಳಿಂದ ಕಸದ ಗಾಡಿ ಬದಲಾಗಿದೆ. ಮೊದಲಿನವನು ಬಕೆಟ್ಟು ಇಸಿದುಕೊಂಡು ಸುರಿದು, ಒಳಗೇನಿದೆ ಅಂತ ಇಣುಕದೆ ಹೋಗುತ್ತಿದ್ದ. ಈಗಿನವಳು ಒಬ್ಬಳು ಗಟ್ಟಿ ಹೆಂಗಸು. ಬೀದಿಯವರು ಗಾಡಿಯಮ್ಮ ಅನ್ನುತ್ತಾರೆ. ಕೋಲು ಹಾಕಿ ಕೆದಕಿ ನೋಡುತ್ತಾಳೆ. ಗುಂಡಿಗೆ ಹಾಕಲಾಗದ ಮೂಳೆ, ಎಣ್ಣೆ ಮೆತ್ತಿದ ಉಳಿಕೆ ಹಸಿರು ಬಕೆಟ್ಟಿಗೆ. ಕಾಗದ, ಪ್ಲಾಸ್ಟಿಕ್ಕು, ತಗಡು ನೀಲಿಗೆ. ಬ್ಲೇಡು, ಬ್ಯಾಟರಿ, ಮಾತ್ರೆ ಕೆಂಪು ಡಬ್ಬಿಗೆ. ತಪ್ಪಿದರೆ ಚೀಟಿ. ಮೂರು ಚೀಟಿಯಾದರೆ ಹಿತ್ತಲ ಗುಂಡಿಯ ಪರವಾನಗಿ ಆರು ತಿಂಗಳು ರದ್ದು, ಮಣ್ಣೆಳೆದು ಮುಚ್ಚಬೇಕು. ಕಸ ಬೇರ್ಪಡಿಸಲು ಬಾರದವರಿಗೆ ಗುಂಡಿ ಯಾಕೆ ಅನ್ನುವ ನ್ಯಾಯ. ನ್ಯಾಯವೇನೋ ಸರಿ. ಬಾರದವರಿಗೆ ಅನ್ವಯಿಸಲಿ.

"ಇದೇನಜ್ಜಿ, ಹಸಿರಲ್ಲಿ ಹಾಲಿನ ಕವರು?"

"ನಾನು ಹಾಕಿಲ್ಲ."

"ಮತ್ತೆ ಕವರು ತಾನೇ ನಡ್ಕೊಂಡು ಬಂತಾ?"

"ಮನೆಗೆ ಜನ ಬಂದಿದ್ದಾರೆ" ಅಂದೆ.

ಜನ ಬಾಗಿಲಲ್ಲೇ ನಿಂತಿದ್ದಳು. ಕೇಳಿಸಿಕೊಂಡಳು. ಬಾಯಿ ಬಿಡಲಿಲ್ಲ. ಜೀವಿಗಳು ಪ್ರಚೋದನೆಗೆ ಪ್ರತಿಕ್ರಿಯೆ ತೋರಿಸುತ್ತವೆ, ಪುಟ ನಾಲ್ಕು. ಇವಳನ್ನು ಯಾವ ಪಟ್ಟಿಗೆ ಸೇರಿಸಲಿ.

ಮಾರ್ಚ್ 8, ಶನಿವಾರ

ಗುಂಡಿ, ಆರನೇ ದಿನ. ಮೇಲೆ ಕೈಯಿಟ್ಟರೆ ಬೆಚ್ಚಗಿದೆ. ಕಣ್ಣಿಗೆ ಕಾಣದ ಜೀವಿಗಳು ಒಳಗೆ ತಿನ್ನುತ್ತಿವೆ, ಉಸಿರಾಡುತ್ತಿವೆ, ಒಂದು ಎರಡಾಗುತ್ತಿವೆ. ಯಾವುದೂ ಇನ್ನೊಂದರ ಕೆಲಸಕ್ಕೆ ಕೈ ಹಾಕುತ್ತಿಲ್ಲ.

ಮನೆಯೊಳಗೆ ಹಾಗಲ್ಲ. ಬೆಳಿಗ್ಗೆ ನಾನು ಮುಖ ತೊಳೆದು ಬರುವಷ್ಟರಲ್ಲಿ ನಾದಿನಿ ಬಕೆಟ್ಟುಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಕೋಳಿಯ ಹಾಗೆ ಕೆದಕುತ್ತಿರುತ್ತಾಳೆ. ಹಾಕುವಾಗ ನೆಟ್ಟಗೆ ಹಾಕಿದ್ದರೆ ಕೆದಕುವ ಕೆಲಸ ಎಲ್ಲಿತ್ತು? ಕೇಳಿದೆ. ಅದಕ್ಕೆ ಅವಳು, "ಅತ್ತಿಗೆ, ನಿಮಗೆ ಈ ಎರಡು ಬಕೆಟ್ಟಿನ ಬಣ್ಣ ಒಂದೇ ಥರ ಕಾಣುತ್ತಾ?" ಅಂದಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತಪ್ಪು ಇವಳದು, ದೂರು ಬಕೆಟ್ಟಿನ ಮೇಲೆ.

ಹಾಗೆ ನೋಡಿದರೆ ಈಗಿನ ಬಣ್ಣಕ್ಕೆ ಸತ್ವವೇ ಇಲ್ಲ ಅನ್ನುವುದೂ ನಿಜ. ತಂದ ಹೊಸದರಲ್ಲಿ ಹಸಿರು ಹಸಿರಾಗಿತ್ತು, ನೀಲಿ ನೀಲಿಯಾಗಿತ್ತು. ವರ್ಷ ಎರಡಾಗಿಲ್ಲ, ಎರಡೂ ಪಾಚಿಯ ಬಣ್ಣಕ್ಕೆ ತಿರುಗಿವೆ. ಪತ್ರಿಕೆಯವರು ಶಾಯಿ ಉಳಿಸುತ್ತಿದ್ದಾರೆ. ಈ ನೋಟ್‌ಬುಕ್ಕಿಗೆ ಗೆರೆ ಎಳೆದ ಪುಣ್ಯಾತ್ಮ ನೀರಿನಲ್ಲಿ ಅದ್ದಿ ಎಳೆದಿದ್ದಾನೆ. ಯಾರಿಗೂ ಕೆಲಸದಲ್ಲಿ ಶ್ರದ್ಧೆ ಉಳಿದಿಲ್ಲ.

ಇದರ ಮೇಲೆ ಇನ್ನೊಂದು. ಒಂದು ಬಕೆಟ್ಟಿನ ಹಿಡಿಗೆ ಅವಳು ಮೇಣ ಹಚ್ಚಿದ ಹೊಲಿಗೆ ದಾರವನ್ನು ಸುತ್ತಿ ಸುತ್ತಿ ಗಂಟು ಹಾಕಿದ್ದಾಳೆ. ಎತ್ತಿದರೆ ಅಂಗೈಗೆ ಒತ್ತುತ್ತದೆ. "ಇದ್ಯಾಕೆ?" ಅಂದರೆ, "ಹಿಡಿ ಜಾರಬಾರದು ಅಂತ ಅತ್ತಿಗೆ. ಹಸಿ ಕಸದ್ದು ಭಾರ ಅಲ್ವಾ." ನನ್ನ ದಾರ, ನನ್ನ ಮೇಣ, ಕೇಳದೆ.

ಮಾರ್ಚ್ 10, ಸೋಮವಾರ

ಇವತ್ತಿನದನ್ನು ವಿವರವಾಗಿ ಬರೆಯಬೇಕು. ಇಲ್ಲದಿದ್ದರೆ ರಕ್ತ ತಲೆಗೇರಿದ್ದು ಇಳಿಯುವುದಿಲ್ಲ.

ಕಿಟಕಿಯ ಹಳೇ ಪರದೆ ಪಿಸಿದು ಹೋಗಿತ್ತು. ಸಣ್ಣಗೆ ಹರಿದು ಗುಂಡಿಗೆ ಹಾಕುತ್ತಿದ್ದೆ. ಹಿಂದಿನಿಂದ ಧ್ವನಿ: "ಅತ್ತಿಗೆ, ಅದು ಕೊಳೆಯಲ್ಲ."

ನಾನು ಶಾಂತಳಾಗಿಯೇ ಹೇಳಿದೆ. ಬಟ್ಟೆ ಹತ್ತಿಯಿಂದ. ಹತ್ತಿ ಗಿಡದಿಂದ. ಗಿಡ ಜೀವಿ. ಜೀವಿ ಸತ್ತರೆ ಕೊಳೆಯುತ್ತದೆ. ಪುಟ ಹನ್ನೊಂದು.

"ಎಲ್ಲಾ ಬಟ್ಟೆ ಹತ್ತಿ ಅಲ್ಲ. ಇಪ್ಪತ್ತೆರಡನೇ ಪುಟ ನೋಡಿ. ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರಿದ್ರೆ ಗೊತ್ತಾಗುತ್ತೆ."

ಇಪ್ಪತ್ತೆರಡನೇ ಪುಟ ನೋಡಲು ನನ್ನ ಪುಸ್ತಕದಲ್ಲಿ ಇಪ್ಪತ್ತೆರಡನೇ ಪುಟ ಇಲ್ಲ ಅನ್ನುವುದು ಅವಳಿಗೆ ಗೊತ್ತು. ಗೊತ್ತಿದ್ದೇ ಅಂದಳು.

ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಮಡಚಿದ್ದು ಮಾತ್ರ ಎಂ.ಎ.ವರೆಗೆ. ಇಪ್ಪತ್ತಾರು ವರ್ಷ ಬೈಂಡಿಂಗ್ ಕೆಲಸ. ಅಚ್ಚಿನ ಮನೆಯಿಂದ ದೊಡ್ಡ ದೊಡ್ಡ ಹಾಳೆ ಬರುತ್ತಿದ್ದವು, ಒಂದೊಂದರಲ್ಲಿ ಹದಿನಾರು ಪುಟ. ಅದಕ್ಕೆ ಒಂದು ಫಾರಂ ಅನ್ನುವುದು. ಹಾಳೆಯ ಮೇಲೆ ಅರ್ಧದಷ್ಟು ಪುಟಗಳು ನೆಟ್ಟಗೆ, ಉಳಿದರ್ಧ ತಲೆಕೆಳಗೆ ಅಚ್ಚಾಗಿರುತ್ತವೆ. ಮೂರು ಸಲ ಮಡಚಿದರೆ ಎಲ್ಲ ತಂತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಮಡಚುತ್ತ ಮಡಚುತ್ತ ಓದಿದವಳು ನಾನು. ತಲೆಕೆಳಗಾದದ್ದನ್ನೂ ನೆಟ್ಟಗಿದ್ದಷ್ಟೇ ಸಲೀಸಾಗಿ ಓದುತ್ತಿದ್ದೆ. ಎದುರು ಮೇಜಿನಲ್ಲಿ ನಾದಿನಿ. ಅವಳೇ ನನ್ನನ್ನು ತನ್ನ ಅಣ್ಣನಿಗೆ ತೋರಿಸಿದವಳು.

ಐದನೇ ತರಗತಿಯ ವಿಜ್ಞಾನ ನಲವತ್ತೆಂಟು ಪುಟ, ಮೂರು ಫಾರಂ. ಒಂದನೆಯದು ಜೀವಿಗಳು, ಮೂರನೆಯದು ಮನೆಯ ಕಸ. ಅವೆರಡೂ ನನ್ನ ಮೇಜಿಗೆ. ಎರಡನೆಯದು ವಸ್ತುಗಳು: ಯಾವುದು ಕೊಳೆಯುತ್ತದೆ, ಯಾವುದು ತುಕ್ಕು ಹಿಡಿಯುತ್ತದೆ, ಯಾವುದು ಕರಗುತ್ತದೆ. ಅದು ಅವಳ ಮೇಜಿಗೆ. ಎಷ್ಟೋ ಸಾವಿರ ಸಲ ಓದಿ ನನ್ನೆರಡು ಫಾರಂ ನನಗೆ ಬಾಯಿಪಾಠ. ಅವಳದು ಅವಳಿಗೆ.

ಒಂದು ವರ್ಷ ನಲವತ್ತು ಪ್ರತಿ ವಾಪಸು ಬಂದವು. ಅವುಗಳಲ್ಲಿ ಮೂರನೇ ಫಾರಂ ಎರಡೆರಡು ಸಲ, ಎರಡನೇ ಫಾರಂ ಇಲ್ಲವೇ ಇಲ್ಲ. ಮಾಲೀಕರು ಬಂದು ನಿಂತು, "ಯಾರದಿದು?" ಅಂದರು. "ಎರಡನೇ ಫಾರಂ ಅವಳ ಮೇಜಿನದು" ಅಂದೆ. ಇದ್ದದ್ದನ್ನೇ ಅಂದದ್ದು. ಅವಳು ಒಪ್ಪಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಆವತ್ತೇ ಅವಳನ್ನು ರಟ್ಟು ಕತ್ತರಿಸುವ ಕಡೆಗೆ ಹಾಕಿದರು. ತಿಂಗಳೊಳಗೆ ಕೆಲಸ ಬಿಟ್ಟಳು. ನನ್ನ ಮನೆಯ ಮೆಟ್ಟಿಲನ್ನೂ ಬಿಟ್ಟಳು. ಅಷ್ಟಕ್ಕೆಲ್ಲ ಅಷ್ಟು ಬಿಂಕವೇ?

ನನ್ನಲ್ಲಿರುವುದು ಆ ನಲವತ್ತರಲ್ಲೊಂದು ಪ್ರತಿ. ಹದಿನಾರನೇ ಪುಟ ಆದಮೇಲೆ ಮೂವತ್ತಮೂರು.

ಪರದೆಯನ್ನು ಗುಂಡಿಗೇ ಹಾಕಿದೆ. ಮೇಲೆ ಮಣ್ಣು ಹಾಕಿ ತುಳಿದೆ.

ಮಾರ್ಚ್ 14, ಶುಕ್ರವಾರ

ಎರಡನೇ ಚೀಟಿ.

ನಿನ್ನೆಯಿಂದ ಅವಳಿಗೆ ಮಂಡಿನೋವು. ಬೆಳಿಗ್ಗೆ ಏಳಲಿಲ್ಲ. ಇವತ್ತೊಂದು ದಿನವಾದರೂ ಕೋಳಿ ಕೆದಕದೆ ಬಕೆಟ್ಟು ನೆಮ್ಮದಿಯಾಗಿ ಗಾಡಿ ಸೇರುತ್ತದಲ್ಲ ಅಂದುಕೊಂಡೆ. ಗಾಡಿಯಮ್ಮ ಹಸಿರು ಬಕೆಟ್ಟಿನಿಂದ ಮಾತ್ರೆಯ ಖಾಲಿ ಹಾಳೆ ಎರಡು ಎತ್ತಿ ಹಿಡಿದಳು. ಮಂಡಿನೋವಿನ ಮಾತ್ರೆ. ಮಂಡಿ ಯಾರದು? ನನ್ನದಲ್ಲ.

ಅವಳು ಮೇಜಿನ ಮೇಲೆ ಬಿಟ್ಟಿದ್ದ ಹಾಳೆಗಳನ್ನು ನಿನ್ನೆ ನಾನೇ ಎತ್ತಿ ಕೆಂಪು ಡಬ್ಬಿಗೆ ಹಾಕಿದ ನೆನಪು. ಆದರೆ ನೆನಪನ್ನು ನಂಬಬೇಡಿ, ಪುಟ ಮೂವತ್ತೆಂಟು. ಆದ್ದರಿಂದ ಅವಳೇ ಹಾಕಿರಬೇಕು.

ಮಂಚದ ಮುಂದೆ ನಿಂತು ಚೀಟಿ ತೋರಿಸಿದೆ. "ಇನ್ನೊಂದು ಬಂದ್ರೆ ನನ್ನ ಗುಂಡಿ ಮುಚ್ಚಿಸ್ತಾರೆ. ಗೊತ್ತಾ?"

"ಗೊತ್ತು ಅತ್ತಿಗೆ. ನಾಳೆಯಿಂದ ಏಳ್ತೀನಿ."

ಏಳುವುದಕ್ಕೂ ಇದಕ್ಕೂ ಏನು ಸಂಬಂಧ? ಕೇಳಿದ್ದೇನು, ಹೇಳುವುದೇನು. ಕಲ್ಲಿನ ಮೇಲೆ ನೀರು ಸುರಿದ ಹಾಗೆ.

ಮಾರ್ಚ್ 15, ಶನಿವಾರ

ಕುಂಟುತ್ತ ಎದ್ದು ಕೆದಕುತ್ತಿದ್ದಾಳೆ. ಬೇಡ ಅಂದರೂ ಕೇಳಳು. ಮಂಡಿಗೆ ಬಿಸಿನೀರಿನ ಚೀಲ ಕೊಟ್ಟೆ. ಕೊಡದಿದ್ದರೆ ಮಗಳು ಫೋನಿನಲ್ಲಿ ನನ್ನನ್ನು ವಿಚಾರಣೆ ಮಾಡುತ್ತಾಳೆ.

ಗುಂಡಿ, ಹದಿಮೂರನೇ ದಿನ. ಕೈಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಉಂಡೆ ಒಡೆಯಲೂಬಾರದು. ಹದ ಸರಿಯಾಗಿದೆ. ಹಿಂಡಿ ನೋಡಲು ಕಣ್ಣು ಬೇಕಿಲ್ಲ, ಕೈ ಸಾಕು. ಎರೆಹುಳು ಎಷ್ಟಿವೆ ಅಂತ ಅವಳು ಎಣಿಸಿ ಹೇಳಿದಳು. ಹನ್ನೊಂದು. ನನಗೆ ಎರಡು ಕಂಡವು. ಉಳಿದವನ್ನು ಅವಳು ಸೇರಿಸಿ ಹೇಳುತ್ತಿದ್ದಾಳೋ ಏನೋ.

ಮಾರ್ಚ್ 20, ಗುರುವಾರ

ಸೂರಿನ ಕೆಲಸ ನೋಡಿಕೊಂಡು ಬರಲು ನಾದಿನಿ ಬೆಳಿಗ್ಗೆ ಊರಿಗೆ ಹೋದಳು. ಮೂರು ದಿನ. ಹೋಗುವಾಗ ಬಾಗಿಲಲ್ಲಿ ನಿಂತು, "ಅತ್ತಿಗೆ, ಬೆಳಿಗ್ಗೆ ದಾರ ಕಟ್ಟಿರೋ ಬಕೆಟ್ಟು ಮುಟ್ಟಿ ನೋಡಿ ಎತ್ತಿ. ಹಸಿ ಕಸಕ್ಕೆ ಅದು" ಅಂತ ಮೂರು ಸಲ ಹೇಳಿದಳು. ಎಂ.ಎ.ವರೆಗೆ ಮಡಚಿದವಳಿಗೆ ಬಕೆಟ್ಟು ಎತ್ತುವ ಪಾಠ.

ಒಳ್ಳೆಯದೇ ಆಯಿತು. ಮೂವತ್ತೊಂಬತ್ತನೇ ಪುಟ: ಒಂದು ಸಂಗತಿಗೆ ಕಾರಣ ಯಾವುದು ಅಂತ ತಿಳಿಯಬೇಕಾದರೆ, ಒಂದನ್ನು ಮಾತ್ರ ಬದಲಿಸಿ, ಉಳಿದದ್ದೆಲ್ಲ ಹಾಗೇ ಇರಲಿ. ಅದೇ ಮನೆ, ಅದೇ ಬಕೆಟ್ಟು, ಅದೇ ಕಸ. ಅವಳೊಬ್ಬಳು ಇಲ್ಲ. ಮೂರು ದಿನ ಚೀಟಿ ಬರದಿದ್ದರೆ ಮಾತು ಮುಗಿಯಿತು. ಬಂದ ತಕ್ಷಣ ನೋಟ್‌ಬುಕ್ಕು ಮುಂದೆ ಹಿಡಿದು ತೋರಿಸುತ್ತೇನೆ.

ಹಿಡಿಯ ದಾರವನ್ನು ಕತ್ತರಿಸಿ ಬಿಸಾಡಿದೆ. ಪ್ರಯೋಗದಲ್ಲಿ ಅವಳ ಕೈವಾಡ ಒಂದೆಳೆಯೂ ಇರಬಾರದು.

ಮಾರ್ಚ್ 21, ಶುಕ್ರವಾರ

ಚೀಟಿ ಇಲ್ಲ. ಇವತ್ತು ಗಾಡಿಯೂ ಬರಲಿಲ್ಲ, ಅದು ಬೇರೆ ಮಾತು.

ಮನೆ ಗಪ್‌ಚಿಪ್ಪು. ಒಬ್ಬಳಿಗೆ ಅಂತ ಮಾಡಿದ ಅಡುಗೆ ಇಬ್ಬರಿಗಾಗಿ ಉಳಿಯಿತು. ಕೈ ಅಳತೆ ಕೆಡಿಸಿ ಹೋಗಿದ್ದಾಳೆ.

ಮಾರ್ಚ್ 22, ಶನಿವಾರ

ಬರೆಯಲು ಮನಸ್ಸಿಲ್ಲ. ನೋಡಿದ್ದನ್ನು ನೋಡಿದ ದಿನವೇ ಬರೆಯಬೇಕು ಅಂತ ನನಗೆ ನಾನೇ ಗಂಟು ಹಾಕಿಕೊಂಡಿದ್ದೇನೆ.

ಗಾಡಿ ಬಂತು. ಬಕೆಟ್ಟು ಕೊಟ್ಟೆ. ಗಾಡಿಯಮ್ಮ ಮುಚ್ಚಳ ತೆಗೆದು, ನನ್ನ ಮುಖ ನೋಡಿ, ಮತ್ತೆ ಬಕೆಟ್ಟು ನೋಡಿದಳು.

"ಅಜ್ಜಿ, ಇದು ಯಾವ ಬಕೆಟ್ಟು?"

"ಹಸಿರು. ಕಾಣಲ್ವಾ?"

"ನನಗೆ ಕಾಣುತ್ತೆ. ಇದು ನೀಲಿ." ಕೋಲಿನಿಂದ ಒಂದೊಂದೇ ಎತ್ತಿ ತೋರಿಸಿದಳು. ಕಾಗದದ ಚೂರು, ಅದರ ಮೇಲೆ ನಿನ್ನೆ ಉಳಿದ ಅನ್ನ, ಮೂಳೆ, ಎಣ್ಣೆಯ ಪ್ಯಾಕೆಟ್ಟು, ಅದರ ಕೆಳಗೆ ಮತ್ತೆ ಅನ್ನ. "ಇವತ್ತು ನಿಮ್ಮ ನಾದಿನಿ ಇಲ್ವಾ?"

"ಅವಳಿಲ್ಲದಿದ್ರೆ ಏನಂತೆ?"

"ಏನಿಲ್ಲಪ್ಪ. ದಿನಾ ನಾನು ಬರೋ ಮೊದ್ಲು ಎಲ್ಲಾ ಹೆಕ್ಕಿ ಸರಿ ಮಾಡಿಟ್ಟಿರ್ತಿದ್ರು. ಒಂದು ದಿನ ಕೇಳ್ದೆ, ಯಾಕಮ್ಮ ಹಾಕುವಾಗ್ಲೇ ಸರಿಯಾಗಿ ಹಾಕಬಾರ್ದಾ ಅಂತ. ನಂದೇ ತಪ್ಪು, ನನಗೆ ಅಭ್ಯಾಸ ಇಲ್ಲ ಅಂದ್ರು. ನಂಬ್ಲಿಲ್ಲ ನಾನು. ನನ್ನ ಅತ್ತೆಗೂ ಹೀಗೇ ಆಗಿತ್ತು, ನೀಲಿ ಹಸಿರು ಗೊತ್ತಾಗ್ತಿರ್ಲಿಲ್ಲ. ಕಣ್ಣಲ್ಲಿ ಪೊರೆ." ಚೀಟಿಯ ಪುಸ್ತಕ ತೆಗೆದು ಸುಮ್ಮನೆ ಹಿಡಿದುಕೊಂಡಳು. "ಇದು ಮೂರನೇದು ಅಜ್ಜಿ. ನಾನು ನೋಡಿಲ್ಲ ಅಂದ್ಕೊಳ್ತೀನಿ. ನಾದಿನಿ ಬಂದ್ಮೇಲೆ..."

ಅಲ್ಲಿಗೆ ನನಗೆ ತಡೆಯಲಾಗಲಿಲ್ಲ. ನಾದಿನಿ ಬಂದ ಮೇಲೆ ಏನು? ಮತ್ತೆ ಅವಳ ಹೆಸರಿಗೆ ಬರೆಯುವುದಾ?

"ಬರಿ" ಅಂದೆ.

"ಗುಂಡಿ ಹೋಗುತ್ತೆ ಅಜ್ಜಿ."

"ನಂದು. ಬರಿ."

ಬರೆದಳು. ಒಳಗೆ ಬಂದು ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಓದಲಾಗಲಿಲ್ಲ. ತಿರುಗಿಸಿ ತಲೆಕೆಳಗೆ ಹಿಡಿದೆ. ಆಗಲೂ ಆಗಲಿಲ್ಲ. ಶಾಯಿಯ ತಪ್ಪಲ್ಲ.

ವಿಜ್ಞಾನದ ಪುಸ್ತಕ ತೆಗೆದು ಬೆನ್ನು ಸವರುತ್ತ ಕೂತೆ. ಎರಡನೇ ಫಾರಂ ಅವಳ ಮೇಜಿನದು ಅಂದೆನಲ್ಲ, ಅದು ನಿಜ. ಆದರೆ ಅದು ಕಾಣೆಯಾದ ಜಾಗದಲ್ಲಿ ಮೂರನೆಯದು ಬಂದು ಕೂತಿತ್ತು. ಮೂರನೆಯದು ಯಾರ ಮೇಜಿನದು? ಹೊಲಿಗೆಗೆ ಮೊದಲು ಫಾರಂಗಳನ್ನು ಕ್ರಮವಾಗಿ ಪೇರಿಸುವ ಕಪಾಟಿನಲ್ಲಿ ಎರಡನೆಯದರ ಖಾನೆಗೆ ಮೂರನೆಯದರ ಕಟ್ಟು ಇಟ್ಟವರು ಯಾರು? ಇದನ್ನು ಕೇಳಿಕೊಳ್ಳಲು ಐದನೇ ಕ್ಲಾಸಿನ ಬುದ್ಧಿ ಸಾಕಿತ್ತು.

ಮಾರ್ಚ್ 23, ಭಾನುವಾರ

ಬೆಳಿಗ್ಗೆ ಗುಂಡಿಗೆ ಕೈ ಹಾಕಿ ಪರದೆಯ ಚೂರು ಹುಡುಕಿದೆ. ಸಿಪ್ಪೆಯೆಲ್ಲ ಕಪ್ಪಾಗಿ ಮೆತ್ತಗಾಗಿವೆ. ಪರದೆ ಹಾಕಿದ ಹಾಗೇ ಇದೆ. ತೊಳೆದು ಹೊಲಿದರೆ ಮತ್ತೆ ಕಿಟಕಿಗೆ ಕಟ್ಟಬಹುದು. ಒಂದು ಎಳೆ ಕಿತ್ತು, ನಾಲ್ಕು ಕಡ್ಡಿ ಹಾಳು ಮಾಡಿ, ಐದನೆಯದರಲ್ಲಿ ಸುಟ್ಟೆ. ಉರಿದು ಬೂದಿಯಾಗಲಿಲ್ಲ. ಕರಗಿ ಮಣಿಯಾಯಿತು. ಬೆರಳಿಗೆ ಗಟ್ಟಿಯಾಗಿ ಸಿಕ್ಕಿತು.

ಮಧ್ಯಾಹ್ನ ಅವಳು ಬಂದಳು. ಚಪ್ಪಲಿ ಎಲ್ಲಿ ಬಿಡಲಿ ಅಂತ ಕೇಳಲಿಲ್ಲ. ನೇರ ಹೋಗಿ ಬಕೆಟ್ಟು ನೋಡಿದಳು. "ದಾರ ಎಲ್ಲಿ ಅತ್ತಿಗೆ?"

"ಕತ್ತರಿಸ್ದೆ."

"ಹೂಂ" ಅಂದಳು. ಬೇರೆ ದಾರ ತಂದು ಕಟ್ಟಲು ಕೂತಳು. ಒಂದು ಸಲವಾದರೂ ಜಗಳ ಆಡಬಾರದೇ ಇವಳು? ಮೈಯೆಲ್ಲ ಉರಿಯಿತು.

"ಅವತ್ತು ಮಾಲೀಕರ ಮುಂದೆ ಯಾಕೆ ಬಾಯಿ ಬಿಡಲಿಲ್ಲ ನೀನು?"

ಗಂಟು ಬಿಗಿದು ಮುಗಿಸಿ ಹೇಳಿದಳು. "ನಿಮಗೆ ಆಗ ಏಳು ತಿಂಗಳು. ಕೆಲಸದಿಂದ ತೆಗೆದುಹಾಕಿದ್ರೆ?"

"ಸರಿ. ಈಗ ಯಾಕೆ ಬಾಯಿ ಬಿಡಲಿಲ್ಲ? ಈಗ ನನಗೆ ಎಷ್ಟು ತಿಂಗಳು?"

ಅವಳಿಗೆ ನಗು ಬಂತು. ತಡೆದುಕೊಂಡು ತಡೆದುಕೊಂಡು ಕೆಮ್ಮು ಹತ್ತಿಸಿಕೊಂಡಳು. ಬೆನ್ನು ತಟ್ಟಬೇಕಾಯಿತು. "ಹ್ಯಾಗೆ ಹೇಳ್ಲಿ ಅತ್ತಿಗೆ. ನಿಮಗೆ ಕಣ್ಣು ಕಾಣಲ್ಲ ಅಂದ್ರೆ ನನಗೆ ಬುದ್ಧಿ ಇಲ್ಲ ಅಂತಿದ್ರಿ."

ಅನ್ನುತ್ತಿದ್ದೆ. ಅದರಲ್ಲಿ ಸುಳ್ಳಿಲ್ಲ.

"ಮೂರನೇ ಫಾರಂ ನನ್ನ ಮೇಜಿನದು" ಅಂದೆ. ಅವಳು ಬಕೆಟ್ಟಿನ ಹಿಡಿ ಎಳೆದು ಗಂಟು ಪರೀಕ್ಷೆ ಮಾಡುತ್ತಲೇ, "ಗೊತ್ತು" ಅಂದಳು.

ಮಾರ್ಚ್ 25, ಮಂಗಳವಾರ

ಕಣ್ಣಿನ ಡಾಕ್ಟರರ ಹತ್ತಿರ ಎಳೆದುಕೊಂಡು ಹೋದಳು. ಎರಡೂ ಕಣ್ಣಿಗೆ ಪೊರೆ. ಏಪ್ರಿಲ್ ಒಂಬತ್ತಕ್ಕೆ ಮೊದಲು ಬಲಗಣ್ಣು. ಆಮೇಲೆ ತಿಂಗಳುಗಟ್ಟಲೆ ದಿನಕ್ಕೆ ನಾಲ್ಕು ಸಲ ಹನಿ ಹಾಕಬೇಕಂತೆ. "ಮನೇಲಿ ಯಾರಿದ್ದಾರೆ?" ಅಂತ ಡಾಕ್ಟರರು ಕೇಳಿದರು. ನಾನು ಸೆರಗು ಸರಿಮಾಡಿಕೊಂಡೆ, ಅವಳು ಛತ್ರಿ ಮಡಚಿದಳು. ಡಾಕ್ಟರರು ಏನೋ ಬರೆದುಕೊಂಡರು.

ಮಾರ್ಚ್ 27, ಗುರುವಾರ

ಗುಂಡಿ ಮುಚ್ಚಿದೆವು. ಆರು ತಿಂಗಳು ಹೊಸ ಕಸ ಹಾಕುವ ಹಾಗಿಲ್ಲ. ಗಾಡಿಯಮ್ಮ ನೋಡಲು ಬಂದವಳು, ನೋಡುವುದರ ಬದಲು ಸಲಿಕೆ ಇಸಿದುಕೊಂಡು ತಾನೇ ಮಣ್ಣೆಳೆದಳು. ಮೊದಲು ಪರದೆಯ ಚೂರುಗಳನ್ನೆಲ್ಲ ಹೆಕ್ಕಿ ತೆಗೆದೆವು. ನಾನು ಬೆರಳಲ್ಲಿ, ನಾದಿನಿ ಕಣ್ಣಲ್ಲಿ. ಒಟ್ಟು ಐವತ್ತಮೂರು.

"ಪಾಪ, ನಿಮ್ಮ ಗೊಬ್ಬರ ಅರ್ಧಕ್ಕೇ ನಿಂತ್ಹೋಯ್ತು" ಅಂದಳು ಗಾಡಿಯಮ್ಮ.

ಏನೂ ನಿಲ್ಲುವುದಿಲ್ಲ ಅಂದೆ. ಹುಳಕ್ಕೆ ಚೀಟಿ ಓದಲು ಬರುವುದಿಲ್ಲ. ಮುಚ್ಚಿದರೂ ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ, ಸ್ವಲ್ಪ ನಿಧಾನ, ಅಷ್ಟೇ. ಪುಟ ನಲವತ್ತನಾಲ್ಕು.

ಇಷ್ಟಾದರೂ ಸಿಟ್ಟು ಇಳಿದಿಲ್ಲ. ಯಾರ ಮೇಲೆ ಅಂತ ಗೊತ್ತಾಗುತ್ತಿಲ್ಲ. ಮೊದಲು ಅನುಕೂಲವಾಗಿತ್ತು.

ಮಾರ್ಚ್ 30, ಭಾನುವಾರ

ಅವಳ ಸೂರು ಮುಗಿಯಿತಂತೆ. ನಾಳೆ ತಿಂಗಳು ತುಂಬುತ್ತದೆ, ನಾಡಿದ್ದು ಹೊರಡುತ್ತೇನೆ ಅಂದಳು. ಹೊರಡಲಿ. ತಿಂಗಳ ಮಾತು ತಿಂಗಳಿಗೆ.

ಹನಿ ಹಾಕುವುದು ದೊಡ್ಡ ವಿದ್ಯೆಯೇನಲ್ಲ. ನೀರು ತುಂಬಿದ ಶೀಶೆಯಲ್ಲಿ ಇವತ್ತು ಅಭ್ಯಾಸ ಮಾಡಿದೆ. ಒಂದು ಹನಿ ಹುಬ್ಬಿಗೆ, ಎರಡು ಮೂಗಿಗೆ, ಒಂದು ಬಾಯಿಗೆ. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಎಂದಿನ ಹಾಗೆ ಬಾಯಿ ಬಿಡಲಿಲ್ಲ. ಬಿಡಬೇಕಾದಾಗ ಬಿಡದಿರುವುದು ಅವಳ ಹುಟ್ಟುಗುಣ.

ಮಾರ್ಚ್ 31, ಸೋಮವಾರ

ಅವಳು ಟ್ರಂಕು ತುಂಬಲು ಕೂತಳು. ತುಂಬುವ ಮೊದಲು ಎಲ್ಲ ಖಾಲಿ ಮಾಡಿ, ತಳಕ್ಕೆ ಹಾಸಿದ್ದ ಕಾಗದ ಎತ್ತಿ ಕೊಡವಿದಳು. ಆ ಸದ್ದು ಕಿವಿಗೆ ಬಿತ್ತು. ಇಪ್ಪತ್ತಾರು ವರ್ಷ ಕೇಳಿದ ಸದ್ದು ಅದು.

"ಏನದು, ಇಲ್ಲಿ ಕೊಡು."

"ಹಳೇ ಕಾಗದ ಅತ್ತಿಗೆ. ತಳ ತುಕ್ಕು ಹಿಡೀಬಾರ್ದು ಅಂತ ಹಾಸಿದ್ದೆ."

ದೊಡ್ಡ ಹಾಳೆ. ಮೂರು ಮಡಿಕೆಯ ಗುರುತು ಇನ್ನೂ ಹಾಗೇ ಇದೆ. ಕೇಳುವ ಮೊದಲೇ ಗೊತ್ತಾಯಿತು. ವಾಪಸು ಬಂದ ನಲವತ್ತರಲ್ಲಿ ಸೇರದೆ ಉಳಿದ ಎರಡನೇ ಫಾರಂಗಳಲ್ಲಿ ಒಂದು. ಮಾಲೀಕರು ಅವಳ ಮುಂದೆ ಎಸೆದು ಹೋಗಿದ್ದರು. ಮೂವತ್ತನಾಲ್ಕು ವರ್ಷ ಅವಳ ಬಟ್ಟೆಯ ಕೆಳಗೆ ಮಲಗಿತ್ತು.

"ಸೂಜಿಗೆ ದಾರ ಪೋಣಿಸು" ಅಂದೆ.

ಪುಸ್ತಕದ ಹಳೇ ಹೊಲಿಗೆ ಬಿಚ್ಚಿದೆ. ಹೆಚ್ಚಿಗೆ ಇದ್ದ ಮೂರನೇ ಫಾರಂ ಹೊರಗೆ ತೆಗೆದೆ. ಹಾಳೆಯನ್ನು ಗುರುತಿನ ಮೇಲೆ ಮಡಚಿದೆ, ಒಂದು, ಎರಡು, ಮೂರು. ಕಣ್ಣು ಬೇಕಾಗಲಿಲ್ಲ. ಅಂಚು ಅಂಚಿಗೆ ಕೂತಿತು. ಚೌಕಟ್ಟಿಗೆ ಕೊಟ್ಟು ಮೂರನ್ನೂ ಸೇರಿಸಿ ಹೊಲಿದೆ. ದಾರ ಮುಗಿದಾಗಲೆಲ್ಲ ಅವಳು ಪೋಣಿಸಿ ಕೊಟ್ಟಳು. ಊಟದ ಹೊತ್ತು ಮೀರಿತು. ಇಬ್ಬರಿಗೂ ನೆನಪಾಗಲಿಲ್ಲ.

ಮುಗಿಸಿ ಅವಳ ಕೈಗಿಟ್ಟೆ. ತಿರುವಿ ನೋಡಿದಳು. ಮತ್ತೆ ತಿರುವಿದಳು.

"ಏನು?"

"ಏನಿಲ್ಲ ಅತ್ತಿಗೆ."

"ಮತ್ತೆ ಶುರು ಮಾಡ್ಬೇಡ. ಬಾಯಿ ಬಿಡು."

"ಎರಡನೇದು ತಲೆಕೆಳಗಾಗಿ ಸೇರಿದೆ."

ಬೇರೆ ದಿನವಾಗಿದ್ದರೆ, ದಾರ ಪೋಣಿಸಿದವಳು ನೀನು, ನೋಡಬಾರದಿತ್ತೇ ಅನ್ನುತ್ತಿದ್ದೆ. ನಾಲಿಗೆಯ ತುದಿಗೆ ಬಂದೂ ಇತ್ತು. "ಬಿಚ್ಚಿ ಮತ್ತೆ ಹೊಲೀಲಾ?" ಅಂತ ಅವಳೇ ಕೇಳಿದಳು.

"ಬೇಡ. ಮೇಜಿನ ಮೇಲಿಡು. ನೀನು ಆ ಕಡೆ ಕೂರು."

ಕೂತಳು. ನಾನು ಈ ಕಡೆ, ಅವಳು ಆ ಕಡೆ, ಹಿಂದೆ ಬೈಂಡಿಂಗಿನಲ್ಲಿ ಕೂರುತ್ತಿದ್ದ ಹಾಗೆ. ಒಂದನೇ ಫಾರಂ ನನಗೆ ನೆಟ್ಟಗೆ. ಅದನ್ನು ನಾನು ಕಣ್ಣು ಮುಚ್ಚಿ ಹೇಳಿದೆ. ಹದಿನಾರು ಪುಟ ಮುಗಿದ ಮೇಲೆ ಪುಸ್ತಕ ಅವಳ ಕಡೆಗೆ ನೆಟ್ಟಗಾಯಿತು. ಅವಳು ಓದಿದಳು. ಇಪ್ಪತ್ತೆರಡನೇ ಪುಟದಲ್ಲಿ ಪರದೆ ಬಂತು, ಎಳೆ ಬಂತು, ಕರಗಿದ ಮಣಿ ಬಂತು. ಗಂಟಲು ಸರಿ ಮಾಡಿಕೊಂಡು, ಬೇಕೆಂದೇ, ಅದನ್ನು ಎರಡು ಸಲ ಓದಿದಳು. ಸಹಿಸಿಕೊಂಡೆ. ಇಪ್ಪತ್ತೆಂಟನೇ ಪುಟದಲ್ಲಿ ಕಬ್ಬಿಣ, ತೇವ, ತುಕ್ಕು.

ಅಲ್ಲಿ ತಡೆದೆ. "ನಿನ್ನ ಟ್ರಂಕು ಕಬ್ಬಿಣದ್ದು. ತಳಕ್ಕೆ ಈಗ ಕಾಗದ ಇಲ್ಲ. ಹಾಗೇ ಬಟ್ಟೆ ತುಂಬಿದ್ರೆ ಎಲ್ಲಾ ತುಕ್ಕಿನ ಕಲೆ."

"ಹೌದಲ್ವಾ" ಅಂದಳು. "ಹಾಸೋಕೆ ಮನೇಲಿ ಬೇರೆ ಕಾಗದ ಇಲ್ವಾ ಅತ್ತಿಗೆ?"

"ಒಂದು ಹಾಳೆಯೂ ಇಲ್ಲ."

ಅವಳು ತಲೆಯಾಡಿಸಿ, ಎದ್ದು, ಖಾಲಿ ಟ್ರಂಕನ್ನು ಮಂಚದ ಕೆಳಗೆ ತಳ್ಳಿ ಬಂದು, ಇಪ್ಪತ್ತೊಂಬತ್ತನೇ ಪುಟ ಓದಲು ಕೂತಳು. ಅವಳ ಬೆನ್ನ ಹಿಂದೆ ಗೋಡೆಯುದ್ದಕ್ಕೂ, ಅವಳ ತಲೆಯೆತ್ತರಕ್ಕೆ, ನನ್ನ ಎಂಟು ಕಟ್ಟು ಕಾಗದವಿದೆ. ಒಂದು ತಿಂಗಳು ಅದರ ಪಕ್ಕದಲ್ಲೇ ಮಲಗಿ ಎದ್ದವಳಿಗೆ ಅದು ಕಾಣಲಿಲ್ಲವಂತೆ.

ಏಪ್ರಿಲ್ ಒಂಬತ್ತಕ್ಕೆ ಹೋದಾಗ ಅವಳ ಕಣ್ಣನ್ನೂ ಒಮ್ಮೆ ತೋರಿಸಬೇಕು.